ಒಲೆಯಿಂದ ದೂರವಿಟ್ಟ ದುರ್ಬೀನು

ಸರೋವರದ ಕಾವಲುಕೋಣೆ
ಜನವರಿ ೨೧, ಮಧ್ಯಾಹ್ನ

ಪ್ರೀತಿಯ ಅತ್ತೆಗೆ, ನಿಮ್ಮ ಅಳಿಯನ ನಮಸ್ಕಾರಗಳು.

ಪೊರೆ ತೆಗೆಸಿಕೊಂಡ ಕಣ್ಣು ಈಗ ಹೇಗಿದೆ? ಉರಿ ಕಡಿಮೆಯಾಯಿತೇ? ಈ ಕಾಗದವನ್ನು ನಿಮ್ಮ ದೊಡ್ಡ ಮಗಳು ಓದಿ ಹೇಳಲಿ, ನೀವೇ ಕಿತ್ತುಕೊಂಡು ಓದಲು ಹೋಗಬೇಡಿ. ನಿಮ್ಮ ಹಟ ನನಗೆ ಗೊತ್ತಿಲ್ಲವೇ?

ಇಲ್ಲಿ ಚಳಿ ಮೂಳೆ ಕೊರೆಯುತ್ತಿದೆ. ಸರೋವರದ ಅಂಚೆಲ್ಲ ಹೆಪ್ಪುಗಟ್ಟಿ, ನಡುವೆ ಮಾತ್ರ ದೋಣಿ ಓಡಾಡುವಷ್ಟು ನೀರಿದೆ. ನಿಮ್ಮ ಕಿರಿಮಗಳು ಎಂದಿನಂತೆ ಸಾಮಾನಿನ ದೋಣಿ ಓಡಿಸುತ್ತಾಳೆ, ಮನೆಗೆ ಬಂದರೆ ನನ್ನನ್ನು ಓಡಾಡಿಸುತ್ತಾಳೆ. ನೀವು ಇಷ್ಟು ವರ್ಷ ಕಾವಲಿಗೆ ಕೂತ ಕುರ್ಚಿಯಲ್ಲಿ ಈಗ ನಾನು ಕೂತಿದ್ದೇನೆ. ನಿಮ್ಮ ದುರ್ಬೀನು ಅಪ್ಪಣೆಯಂತೆ ಹೊರಜಗಲಿಯ ಮೊಳೆಯಲ್ಲೇ ನೇತಾಡುತ್ತದೆ. ಕೆಲಸ ಕಲಿಯಲು ಬಂದ ಮೊದಲ ದಿನ, ಪಾಪ ಅನಿಸಿ, ಅದಕ್ಕೆ ನನ್ನ ಮಫ್ಲರ್ ಸುತ್ತಿ ಒಲೆಯ ಪಕ್ಕ ಇಟ್ಟಿದ್ದೆ. "ಒಲೆ ಮುಂದೆ ಕೂರಿಸೋಕೆ ಅದೇನು ನೆಂಟರೇನಪ್ಪಾ? ತಣ್ಣಗಿರೋದು ಒಳಗೆ ಬಂದ್ರೆ ಬೆವರತ್ತೆ, ಬೆವರಿದ್ರೆ ಕುರುಡಾಗತ್ತೆ. ಆಚೆ ಇಡು!" ಎಂದು ನೀವು ಗದರಿದ್ದು ಇನ್ನೂ ಕಿವಿಯಲ್ಲಿದೆ. ಗಾಜಿನ ಮೇಲಿನ ಹಿಮವನ್ನು ಬೆರಳಿನಿಂದ ಒರೆಸಬಾರದು, ಕುಂಚದಿಂದ ಕೊಡವಬೇಕು. ನೋಡುವಾಗ ಉಸಿರು ಗಾಜಿಗೆ ತಾಗಬಾರದು. ಇಷ್ಟು ಉಪಚಾರ ಅಳಿಯನಿಗೂ ಇಲ್ಲವಲ್ಲ ಎಂದು ಒಳಗೊಳಗೇ ನಗುತ್ತಿದ್ದೆ.

ನಿನ್ನೆ ಆ ನಗು ನಿಂತಿತು. ಗಾಳಿ ಜೋರಾಗಿದ್ದಾಗ ದೂರದ ಹಿಮಗಡ್ಡೆಗಳ ನಡುವೆ ಒಂದು ಕಪ್ಪು ಚುಕ್ಕೆ ಕಂಡಿತು. ಜೊತೆಯ ಕಾವಲುಗಾರ ಚಹಾ ಕುಡಿಯಲು ಬರುವಾಗ ಕಚೇರಿಯ ಹೊಸ ದುರ್ಬೀನನ್ನು ಒಳಗೆ ತಂದು ಒಲೆಯ ಬಳಿ ಇಟ್ಟಿದ್ದ. ಅದರ ಗಾಜೆಲ್ಲ ಮಬ್ಬು. ಗಡಿಬಿಡಿಯಲ್ಲಿ ತೋಳಿನಿಂದ ಒರೆಸಿ ಹೊರಗೊಯ್ದರೆ, ಉಳಿದ ತೇವವೆಲ್ಲ ಗಾಜಿನ ಮೇಲೇ ಹೆಪ್ಪುಗಟ್ಟಿತು. "ಬಂಡೆ ಇರ್ಬೇಕು ಬಿಡು" ಎಂದ. ನಾನು ಮೊಳೆಯಿಂದ ನಿಮ್ಮದನ್ನು ತೆಗೆದು ಕಣ್ಣಿಗಿಟ್ಟೆ. ಒಂದಿಷ್ಟೂ ಮಬ್ಬಿರಲಿಲ್ಲ. ಎಂಜಿನ್ ಕೆಟ್ಟು ಸಿಕ್ಕಿಬಿದ್ದ ದೋಣಿ, ಅದರ ಮೇಲೆ ನಿಂತು ಕೆಂಪು ಶಾಲು ಬೀಸುತ್ತಿದ್ದ ಒಬ್ಬರು, ಪಕ್ಕದಲ್ಲಿ ಮುದುಡಿ ಕೂತ ಇನ್ನೊಬ್ಬರು. ಓಡಿಹೋಗಿ ಅಪಾಯದ ಗಂಟೆ ಬಾರಿಸಿದೆ. ರಕ್ಷಣಾ ದೋಣಿ ಹೋಗಿ, ಸಿಕ್ಕಿಬಿದ್ದ ದೋಣಿ ಮಗುಚುವ ಮುಂಚೆ ಇಬ್ಬರನ್ನೂ ಕರೆತಂದಿತು.

ಅತ್ತೆ, ನೀವು ಬೈದು ಕಲಿಸಿದ್ದರಿಂದ ಎರಡು ಜೀವ ಉಳಿಯಿತು. ಎದುರಿಗಿದ್ದರೆ ಹೇಳಲು ಬಾಯಿ ಬರುತ್ತಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಋಣ ನಾನು ತೀರಿಸಲಾರೆ. ಬೇಗ ಗುಣವಾಗಿ ಬನ್ನಿ, ಇನ್ನಷ್ಟು ಬೈಯಿರಿ.

ಇನ್ನು ಮುಂದೆ ಹೇಳಿದ ಮಾತು ಕೇಳುವ,
ನಿಮ್ಮ ಅಳಿಯ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಹೇಳಕೂಡದೆಂದು ಅವಳು ಆಣೆ ಹಾಕಿಸಿಕೊಂಡಿದ್ದಾಳೆ, ಆದರೆ ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಆ ಕೆಂಪು ಶಾಲು ನೀವು ಹೆಣೆದು ಕೊಟ್ಟದ್ದು. ಬೀಸಿದವಳು ನಿಮ್ಮ ಕಿರಿಮಗಳು. ಗಾಬರಿಯಾಗಬೇಡಿ, ಇಲ್ಲೇ ಕಂಬಳಿ ಹೊದ್ದು ಕೂತು ನನ್ನನ್ನು ಬೈಯುತ್ತಿದ್ದಾಳೆ. ಅವಳನ್ನಾದರೂ ಒಲೆಯ ಪಕ್ಕ ಕೂರಿಸಬಹುದಲ್ಲವೇ?