ಸೊಸಿ ಎಳದ ವಾಯರು

ಮಹಾನಂದಾ,

ನಾ ತಿರ್ಲಾಪುರಕ್ಕ ಅಕ್ಕನ ಮನಿಗೆ ಹೊಂಟೀನಿ, ಸಂಜಿಕ ಬರ್ತೀನಿ. ಸಾಲಿಯಾಗ ಪಾಠ ಹೇಳಿ ಬಂದ ಕೂಡಲೇ ಉಣ್ಣು. ಪಲ್ಯ ಮುಚ್ಚಿಟ್ಟೀನಿ.

ನೀ ಸಾಲಿಗೆ ಹೋದ ಮ್ಯಾಲೆ ಮಾಳಗಿ ಹತ್ತಿದ್ದೆ. ಮೇನ್ ಸ್ವಿಚ್ ಬಂದ್ ಮಾಡಿ, ನೀನ ಕೂಡಿಸಿದ ಸೋಲಾರಿನ ಒಂದೊಂದು ಜಾಯಿಂಟ್ ಜಗ್ಗಿ ನೋಡಿದೆ. "ಮನಿ ಸುಡ್ತಿ ಏನ್ ನೀ?" ಅಂತ ನೀ ವಾಯರು ಎಳದ ದಿನ ಒದರಿದ್ನಲ್ಲ, ಅದು ಸಿಟ್ಟಲ್ಲ ಯವ್ವಾ. ಮೂವತ್ತೆರಡು ವರ್ಷ ಲೈನ್‌ಮನ್ ಆಗಿ ದುಡದಾಂವ, ಕಂಬದ ಮ್ಯಾಲೆ ಗೆಳ್ಯಾ ಸತ್ತದ್ದು ಕಂಡೀನಿ. ಅಂಜಿದ್ದೆ.

ತಪ್ಪು ಹುಡಕಾಕಂತನ ಹತ್ತಿದ್ದೆ, ಒಂದೂ ಸಿಗಲಿಲ್ಲ. ನನ್ನ ಕೈಯಾಗೂ ಇಷ್ಟು ಚಂದ ಆಗ್ತಿರಲಿಲ್ಲ, ಖರೇನ ಹೇಳ್ತೀನಿ.

ಅರ್ಥಿಂಗ್ ಗುಂಡಿ ಒಣಗಿತ್ತು, ಒಂದು ಕೊಡ ನೀರು ಹಾಕೀನಿ. ವಾರಕ್ಕೊಮ್ಮೆ ನೀನೂ ಹಾಕು. ಚಾರ್ಜ್ ಎಷ್ಟೈತಿ ಅಂತ ನಿನ್ನಂಗ ಮೊಬೈಲ್‌ನಾಗ ನೋಡೂದು ನನಗ ತಿಳಿಯಂಗಿಲ್ಲ. ಬ್ಯಾಟರಿ ಮೀಟರ್ ನೋಡಿ ನಿನ್ನ ವಹಿಯೊಳಗ ಬರದೀನಿ. ಪ್ಯಾನೆಲ್ಲಿನ ಧೂಳ ಒರಸೀನಿ, ನೀ ಮತ್ತ ಬಿಸಲಾಗ ಹತ್ತಬ್ಯಾಡ.

ಅಕ್ಕಗೂ ಸೋಲಾರ್ ಬೇಕಂತ, ಯಾರಿಗೆ ಹೇಳಲಿ ಅಂತ ಕೇಳ್ಯಾಳ. "ನಮ್ಮ ಸೊಸಿ ಬಂದು ಕೂಡಸ್ತಾಳ, ನಾ ನಿಚ್ಚಣಿಕಿ ಹಿಡ್ಕೊಂಡು ನಿಂದರ್ತೀನಿ" ಅಂತ ಹೇಳಿ ಬರ್ತೀನಿ. ಬರ್ತೀಯಲ್ಲ?

ನಿಮ್ಮ ಮಾವ
ಶಂಕ್ರಪ್ಪ