ಬಾವಿ ಪಕ್ಕದ ತುಂಡು

ರಾಮಕ್ಕ,

ನಾನು ಮಾಕಳಿಯ ಅನುಸೂಯಮ್ಮ. ಹೈಸ್ಕೂಲು ಓದಿದವಳು, ಮೂರು ಎಕರೆಗೆ ಯಜಮಾನಿ. ನಾನಾಗಿ ಮೊದಲು ಕಾಗದ ಹಾಕುವವಳಲ್ಲ, ಇದನ್ನೂ ಹಾಕುವುದಿಲ್ಲ.

ನಾವಿಬ್ಬರೂ ಒಬ್ಬರ ಹೊಲಕ್ಕೊಬ್ಬರು ಕೂಲಿಯಿಲ್ಲದೆ ಮುಯ್ಯಾಳಾಗಿ ದುಡಿದವರು. ನೀನು ಹೊಲವನ್ನು ಕಾರ್ಖಾನೆಗೆ ಮಾರಿ ದಾಸರಹಳ್ಳಿ ಸೇರಿದೆ. ಅಕ್ಕಪಕ್ಕದವರೂ ಮಾರಿದರು. ಕೂಲಿ ಕೊಟ್ಟು ಕೊಯ್ಸಿದರೆ ರಾಗಿಯಲ್ಲಿ ಏನೂ ಉಳಿಯದು. ಈ ಸಲ ನಾನೂ ಮಾರಬೇಕೇನೋ ಎಂದುಕೊಂಡಿದ್ದೆ. ಹೋದ ತಿಂಗಳು ರಜದ ದಿನ ನಿನ್ನ ಮಗ ಮುನಿರಾಜು ತಾನು ದುಡಿಯುವ ಪೀಣ್ಯದ ಕಾರ್ಖಾನೆಯ ಗೆಳೆಯರನ್ನು ಕಟ್ಟಿಕೊಂಡು, ಕುಡುಗೋಲು ಹಿಡಿದು ಬಂದ.

“ಕೂಲಿ ಬ್ಯಾಡ ದೊಡ್ಡಮ್ಮ, ಮುಯ್ಯಾಳಾಗಿ ಬಂದಿದೀವಿ.”

“ನಿನಗೆ ಹೊಲವೇ ಇಲ್ಲ. ಮುಯ್ಯಿ ಎಲ್ಲಿ ತೀರಿಸಲೋ?”

“ಅಂಗಾದ್ರೆ ಬಂದು ನಮ್ ಲೇತ್ ತಿರುಗ್ಸಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆಯೊಳಗೆ ಹೊಲ ಮುಗಿಯಿತು. ನನ್ನ ಬಲಗಡೆಯ ಸಾಲಿಗೆ ಮಾತ್ರ ಯಾರನ್ನೂ ಬಿಡಲಿಲ್ಲ. ಮೊದಲು ನೀನು ಹಿಡಿಯುತ್ತಿದ್ದ ಸಾಲು ಅದು. ಕೊನೆಗೆ ನಾನೇ ಕೊಯ್ದೆ.

ಈ ಮನೆಯಲ್ಲಿ ಮುಯ್ಯಿ ಉಳಿಸಿಕೊಂಡವರಿಲ್ಲ. ಬಾವಿ ಪಕ್ಕದ ತುಂಡು ನೆಲವನ್ನು ಮುನಿರಾಜುವಿಗೆ ಬೇಸಾಯಕ್ಕೆ ಬಿಟ್ಟೆ. ದಂಟಿನ ಸೊಪ್ಪು ಬಿತ್ತಿದ್ದಾನೆ, ಚೆನ್ನಾಗಿ ಬಂದಿದೆ. ಮುಂದಿನ ಕೊಯ್ಲಿಗೂ ಬರುತ್ತಾನಂತೆ. ಹೊಲ ಕೇಳಲು ಬಂದ ದಲ್ಲಾಳಿಯನ್ನು ಅಂಗಳದಿಂದಲೇ ಕಳಿಸಿದೆ. ನಿನ್ನೆ ಸೆರಗು ಸಿಕ್ಕಿಸಿಕೊಂಡು ನಿನ್ನ ಮಗನ ಸೊಪ್ಪಿನ ಪಾತಿಗೆ ಇಳಿದು, ಕಳೆ ಕಿತ್ತು, ಮುಯ್ಯಿ ತೀರಿಸಿ ಬಂದೆ.