ದುಃಖವೆಂದುಕೊಂಡ ನಿದ್ದೆ

ನವೆಂಬರ್ 14, ಬೆಳಿಗ್ಗೆ 6
ಎಂದಿನಂತೆ ಎದ್ದೆ. ಹಾಲು ಕಾಯಿಸಿದೆ. ಹೆಂಡತಿಯನ್ನು ಎಬ್ಬಿಸಲಿಲ್ಲ. ಮಗ ರಸ್ತೆ ಅಪಘಾತದಲ್ಲಿ ಹೋಗಿ ಎರಡೂವರೆ ತಿಂಗಳು. ಅವಳ ನಿದ್ದೆ ದಿನೇ ದಿನೇ ಆಳವಾಗುತ್ತಿದೆ. ಹಿಂದಾಗಿದ್ದರೆ ಗದರಿಸುತ್ತಿದ್ದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಎದುರಾಳಿಗೆ ಉಸಿರಾಡಲು ಬಿಡದವನು, ಹೆಂಡತಿಯ ಮೌನದೆದುರು ವಾದ ಹೂಡಲಾರೆ. ಶೋಕಕ್ಕೆ ಅದರದೇ ಹಕ್ಕಿದೆ.

ಡಿಸೆಂಬರ್ 20
ಮನೆಯೇ ನೀರಿನೊಳಗೆ ಇಳಿದಂತಿದೆ. ಕಿಟಕಿಯ ಪರದೆಗಳೂ ನಿಧಾನವಾಗಿ ಅಲುಗುತ್ತವೆ. ನಾನು ಪ್ರಶ್ನೆ ಕೇಳಿ, ಪೇಪರಿನ ಪುಟ ತಿರುವಿದ ಮೇಲೆ ಅವಳ ಉತ್ತರ ಬರುತ್ತದೆ — ಗೊಗ್ಗರು ದನಿಯಲ್ಲಿ. ಮುಖ ಊದಿದೆ. ಅತ್ತದ್ದಕ್ಕೆ, ಎಂದು ತೀರ್ಮಾನಿಸಿದೆ.
"ಸ್ವೆಟರ್ ಹಾಕ್ಕೊಳ್ಳೇ."
"ಹಾಕ್ಕೊಂಡಿದೀನಲ್ರೀ..."
ಎರಡು ಹಾಕಿಕೊಂಡಿದ್ದಳು.

ಜನವರಿ 8
ನಾಲ್ಕು ದಿನದಿಂದ ಅವಳಿಗೆ ಕೆಮ್ಮು. ನಾದಿನಿ ಬಂದಳು, ನರ್ಸ್.
"ಏನ್ ಭಾವ, ಅಕ್ಕನ್ನ ಫ್ರಿಜ್ಜಲ್ಲಿ ಇಟ್ಟಿದ್ರಾ?" ಎರಡೆರಡು ಸ್ವೆಟರ್ ನೋಡಿ ನಗುತ್ತಲೇ ಕೈ ಮುಟ್ಟಿದವಳ ನಗು ನಿಂತಿತು. ನಾಡಿ ನಲವತ್ತು. ಭುಜ ಅಲುಗಿಸಿದರೂ ಕಣ್ಣು ತೆರೆಯಲಿಲ್ಲ.
"ಥೈರಾಯ್ಡ್ ಮಾತ್ರೆ ಕೊಡ್ತಿದೀರಾ?"
ಮಾತ್ರೆ. ಹನ್ನೆರಡು ವರ್ಷ ಅದನ್ನು ಖಾಲಿ ಹೊಟ್ಟೆಗೆ ಕೊಟ್ಟವನು ಮಗ. ಅವಳು ಹಲ್ಲುಜ್ಜಿ ಬರುವಷ್ಟರಲ್ಲಿ ಲೋಟ ಹಿಡಿದು ನಿಂತಿರುತ್ತಿದ್ದ. ಅವನು ಹೋದಂದಿನಿಂದ ಯಾರೂ ಕೊಟ್ಟಿಲ್ಲ. ನಾನು ಕೇಳಿಲ್ಲ.
"ದುಃಖ ಅಂದ್ಕೊಂಡೆ."
"ದುಃಖಕ್ಕೆ ಮೈ ಹೀಗೆ ತಣ್ಣಗಾಗಲ್ಲ ಭಾವ. ಆಂಬುಲೆನ್ಸ್‌ಗೆ ಫೋನ್ ಮಾಡಿ. ವಾದ ಆಮೇಲೆ."

ಜನವರಿ 9, ಐಸಿಯು ಹೊರಗೆ
ಮಿಕ್ಸಿಡಿಮಾ ಕೋಮಾ ಎಂದರು ಡಾಕ್ಟರು. ಥೈರಾಯ್ಡ್ ಹಾರ್ಮೋನು ತೀರಾ ಇಳಿದಿತ್ತು. ಮೇಲೆ ಎದೆಯ ಸೋಂಕು. ಮೈಬಿಸಿ ತೊಂಬತ್ತೇ ಡಿಗ್ರಿ. ಮೊದಲು ಸ್ಟೆರಾಯ್ಡ್, ಬಳಿಕ ಹಾರ್ಮೋನು, ಎರಡೂ ನೇರ ರಕ್ತನಾಳಕ್ಕೆ. ಉಸಿರಿಗೆ ಯಂತ್ರ. ಬಿಸಿನೀರಿನ ಬಾಟಲಿ ತರಲೇ ಎಂದೆ.
"ಬೇಡ. ಥಟ್ಟನೆ ಬಿಸಿ ಮಾಡಿದ್ರೆ ಬಿಪಿ ಬಿದ್ದೋಗುತ್ತೆ. ಕಂಬಳಿ ಸಾಕು."
"ಉಳೀತಾಳಾ?"
"ಈಗ್ಲೇ ಹೇಳಕ್ಕಾಗಲ್ಲ. ಕೂತ್ಕೊಳ್ಳಿ ಸರ್."
ಕುಳಿತೆ.

ಜನವರಿ 13, ಸಂಜೆ
ಯಂತ್ರ ತೆಗೆದರು. ಹಾಸಿಗೆಯ ಮೇಲೆ ಕಿಟಕಿಯ ಬೆಳಕು ಹಳದಿಯಾಗಿ ತೇಲುತ್ತಿತ್ತು. ಆಚೆ ದಡದಿಂದ ನೋಡುವವಳಂತೆ ಕಣ್ಣು ಬಿಟ್ಟಳು.
"ಅವನು ಕೆಲಸದಿಂದ ಬಂದ್ನಾ?"
ಕೆಲವು ದಿನ ಮಂಪರು, ಮರೆವು ಇರುತ್ತದೆಂದು ನಾದಿನಿ ಮೊದಲೇ ಎಚ್ಚರಿಸಿದ್ದಳು. ಆದರೂ ಮೂವತ್ತು ವರ್ಷದಲ್ಲಿ ಇವಳಿಗೆ ಒಂದು ಸುಳ್ಳನ್ನೂ ಹೇಳಿದವನಲ್ಲ ನಾನು.
"ಹೇಳ್ರೀ, ಬಂದ್ನಾ?"
"ಇನ್ನೂ ಬಂದಿಲ್ಲ," ಎಂದೆ. "ಮಲಕ್ಕೋ."
ಮಲಗಲಿಲ್ಲ. ಬಾಗಿಲ ಕಡೆಗೆ ಮುಖ ತಿರುಗಿಸಿದಳು. ನಾನೂ ಆ ಕಡೆಗೇ ನೋಡುತ್ತ ಕುಳಿತೆ.